ವರ್ಕ್‌ಫ್ಲೋಗೆ 'ಸ್ಟಾರ್ಟ್' ಹೇಳೋರು ಯಾರು?

ಕೋರ್ಸ್ ಮುಗಿಸಿ ಹೊರಡುವಾಗ ನೋ ಡ್ಯೂಸ್ ಫಾರ್ಮ್ ಹಿಡಿದು ಲೈಬ್ರರಿ, ಲ್ಯಾಬ್, ಹಾಸ್ಟೆಲ್, ಅಕೌಂಟ್ಸ್ ಅಂತ ಸುತ್ತೋದು ಯಾರಿಗೂ ತಪ್ಪಿದ್ದಲ್ಲ. ಇದನ್ನೇ ಕಮುಂಡಾದಂಥ ಬಿಪಿಎಂ ಸಾಫ್ಟ್‌ವೇರ್‌ನಲ್ಲಿ ಕಟ್ಟಿದರೆ ನಾಲ್ಕೂ ಕಡೆಗೆ ಕೆಲಸ ಒಟ್ಟಿಗೇ ಹೋಗುತ್ತದೆ. ಆದರೆ ಡಯಾಗ್ರಾಂ ಬರೆಯೋ ಮೊದಲೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪ್ರಕ್ರಿಯೆಯನ್ನು ಶುರು ಮಾಡೋದು ಯಾರು?

ಇಂಥ ಡಯಾಗ್ರಾಂಗಳಿಗೆ ಬಿಪಿಎಂಎನ್ 2.0 ಎಂಬ ಮಾನಕವಿದೆ. 2011ರಲ್ಲಿ ಬಂದದ್ದು. ಇದರಲ್ಲಿ ಪ್ರಕ್ರಿಯೆಯ ಆರಂಭ ಒಂದು ತೆಳು ಗೆರೆಯ ವೃತ್ತ. ಒಳಗಿನ ಚಿತ್ರವೇ ಟ್ರಿಗರ್ ಯಾವುದೆಂದು ಹೇಳುತ್ತದೆ.

ಖಾಲಿ ವೃತ್ತ: ಒಬ್ಬರು ಬಟನ್ ಒತ್ತಬೇಕು, ಇಲ್ಲವೇ ಒಂದು ಪ್ರೋಗ್ರಾಂ ಎಪಿಐ ಮೂಲಕ ನೇರವಾಗಿ ಕರೆಯಬೇಕು.

ಗಡಿಯಾರ (ಟೈಮರ್): ಹೊತ್ತಿಗೆ ಸರಿಯಾಗಿ ತಾನೇ ಶುರು. ದಿನಾ ಬೆಳಿಗ್ಗೆ 9ಕ್ಕೆ ಬಾಕಿ ಪುಸ್ತಕಗಳ ನೆನಪೋಲೆ ಕಳಿಸೋಕೆ ಇದು ಸಾಕು.

ಲಕೋಟೆ (ಮೆಸೇಜ್): ಹೊರಗಿನಿಂದ ಸುದ್ದಿ ಬಂದಾಗ ಶುರು. ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಅರ್ಜಿ ಹಾಕಿದರೆ ನೋ ಡ್ಯೂಸ್ ಪ್ರಕ್ರಿಯೆ ಆರಂಭವಾಗಬೇಕು ಅಂದರೆ ಇದೇ ಸರಿ.

ತ್ರಿಕೋನ (ಸಿಗ್ನಲ್): ಫಲಿತಾಂಶ ಬಂತು ಅಂದ ತಕ್ಷಣ ಅಂಕಪಟ್ಟಿ, ಡೆಪಾಸಿಟ್ ವಾಪಸಾತಿ ಎರಡೂ ಶುರುವಾಗಬೇಕಾದರೆ ಇದನ್ನು ಬಳಸುತ್ತೇವೆ.

ಕೊನೆಯ ಎರಡನ್ನು ನಾವು ಕಲಸಿಕೊಳ್ಳೋದು ಜಾಸ್ತಿ. ಮೆಸೇಜ್ ಅಂದರೆ ವಿಳಾಸ ಬರೆದ ಕಾಗದ, ಒಬ್ಬರಿಗೇ. ಸಿಗ್ನಲ್ ಅಂದರೆ ಡಂಗುರ, ಕಾಯುತ್ತಿರುವ ಎಲ್ಲರಿಗೂ.

ಈಗ ನಿಜವಾದ ತೊಡಕಿಗೆ ಬರೋಣ. ನೆಟ್‌ವರ್ಕ್ ನಿಧಾನ ಅಂತ ವಿದ್ಯಾರ್ಥಿ 'ಸಬ್ಮಿಟ್' ಎರಡು ಸಲ ಒತ್ತಿದ. ಎರಡು ಪ್ರಕ್ರಿಯೆ ಶುರುವಾದವು. ಲೈಬ್ರರಿಯವರು ಒಂದಕ್ಕೆ ಒಪ್ಪಿಗೆ ಕೊಟ್ಟರು, ಇನ್ನೊಂದು ಹಾಗೇ ಉಳಿಯಿತು. ಸಿಸ್ಟಂ 'ಬಾಕಿ ಇದೆ' ಅನ್ನುತ್ತದೆ. ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದರೂ ಟಿಸಿ ಕೈಗೆ ಸಿಗೋದಿಲ್ಲ.

ಯುಎಸ್‌ಎನ್ ಅನ್ನು ಬಿಸಿನೆಸ್ ಕೀ ಆಗಿ ಕೊಟ್ಟರೆ ಸಾಲದೇ? ಸಾಲದು. ಕಮುಂಡಾ 7ರಲ್ಲಿ ಒಂದೇ ಕೀ ಇಟ್ಟುಕೊಂಡು ಎರಡು ಪ್ರಕ್ರಿಯೆ ಓಡಬಹುದು. ಎಂಜಿನ್ ತಾನಾಗಿ ತಡೆಯೋದಿಲ್ಲ. 'ಮೊದಲೇ ಇದೆಯಾ?' ಅಂತ ನೋಡಿ ಶುರು ಮಾಡಿದರೂ, ಎರಡು ಕೋರಿಕೆ ಒಟ್ಟಿಗೆ ಬಂದರೆ ಎರಡಕ್ಕೂ 'ಇಲ್ಲ' ಎಂಬ ಉತ್ತರವೇ ಸಿಗಬಹುದು. ಆದ್ದರಿಂದ ಡೇಟಾಬೇಸ್‌ನಲ್ಲಿ ಯುಎಸ್‌ಎನ್ ಕಾಲಂಗೆ ಯುನೀಕ್ ನಿರ್ಬಂಧ ಹಾಕಿ, ಅಲ್ಲಿ ದಾಖಲಾದ ಮೇಲಷ್ಟೇ ಶುರು ಮಾಡುವುದು ಭದ್ರ.

ಕಮುಂಡಾ 8ರಲ್ಲಿ ಇನ್ನೊಂದು ದಾರಿ ಇದೆ. ಮೆಸೇಜ್ ಜೊತೆ ಯುಎಸ್‌ಎನ್ ಅನ್ನು ಕೋರಿಲೇಷನ್ ಕೀ ಆಗಿ ಕಳಿಸಿ, ಮೆಸೇಜ್‌ನ ಆಯುಸ್ಸನ್ನು 0 ಮಾಡಿದರೆ, ಮೊದಲನೆಯದು ಓಡುತ್ತಿರುವಾಗ ಬಂದ ಎರಡನೆಯದನ್ನು ಎಂಜಿನ್ ಕೈಬಿಡುತ್ತದೆ. ನೆನಪಿರಲಿ, ಮೊದಲನೆಯದು ಮುಗಿದ ಮೇಲೆ ಬಂದರೆ ಮತ್ತೆ ಶುರುವಾಗುತ್ತದೆ.

ಅಭ್ಯಾಸ: ಹಾಸ್ಟೆಲ್ ರಜೆ ಅರ್ಜಿಯ ಡಯಾಗ್ರಾಂ ಬರೆಯಿರಿ. ಟ್ರಿಗರ್ ಯಾವುದು? ಅದು ಎರಡು ಸಲ ಬಂದರೆ ಏನಾಗುತ್ತದೆ? ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೇ ಕೋಡ್‌ಗೆ ಕೈ ಹಾಕೋಣ.