ಹೊಲದ ಮೊಪೆಡ್ ಗಾಡಿಯ ಕಾರ್ಬ್ಯುರೇಟರು: ಕೆಟ್ಟಾಗ ಪರೀಕ್ಷಿಸತಕ್ಕ ಕ್ರಮ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ, ಟ್ರ್ಯಾಕ್ಟರು ಹೂಡುವಷ್ಟು ಭಾರವಲ್ಲದ, ತಲೆಯ ಮೇಲೆ ಹೊರುವಷ್ಟು ಹಗುರವೂ ಅಲ್ಲದ ಸಾಮಾನಿಗೆ ಮೊಪೆಡ್ ಗಾಡಿಯೇ ರೈತನ ಆಧಾರವಾಗಿದೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಔಷಧ ಹೊಡೆಯುವ ಪಂಪು, ಅದಕ್ಕೆ ಬೇಕಾದ ನೀರು, ಇವೆಲ್ಲವೂ ಜನರು ಎಕ್ಸೆಲ್ ಎಂದು ಕರೆಯುವ ಗಾಡಿಯ ಮೇಲೆಯೇ ಹೊಲ ಸೇರುತ್ತವೆ. 2020ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಗೆಯ ನಿಯಮಗಳಿಗೆ ಅನುಸಾರವಾಗಿ ತಯಾರಾದ ಈ ಜಾತಿಯ ಗಾಡಿಗಳಲ್ಲಿ ಕಾರ್ಬ್ಯುರೇಟರಿಗೆ ಬದಲಾಗಿ ಇಂಜೆಕ್ಷನ್ ವ್ಯವಸ್ಥೆ ಇದೆ; ಅವುಗಳಿಗೆ ಈ ಲೇಖನವು ಅನ್ವಯಿಸದು. ಅದಕ್ಕೆ ಮುಂಚಿನ ಗಾಡಿಗಳನ್ನು ಇಟ್ಟುಕೊಂಡಿರುವವರಿಗಾಗಿ ಇದನ್ನು ಬರೆಯಲಾಗಿದೆ.

ಗಾಡಿ ನಿಂತರೆ ಆಗುವ ನಷ್ಟವು ಕಾಲಿನ ಶ್ರಮ ಮಾತ್ರವಲ್ಲ. ತೊಗರಿಯು ಹೂವಾಗಿ ಕಾಯಿ ಕಟ್ಟುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕಾಯಿಕೊರಕ ಹುಳು ಬೀಳುತ್ತದೆ. ಹುಳು ಮರಿಯಾಗಿದ್ದಾಗ ಔಷಧಕ್ಕೆ ಬೇಗ ಸಾಯುವುದು. ಬಲಿತು ಕಾಯಿಯೊಳಗೆ ತಲೆ ತೂರಿಸಿದ ಬಳಿಕ ಎಷ್ಟು ಹೊಡೆದರೂ ಫಲ ಕಡಮೆ. ಆ ವೇಳೆಯಲ್ಲಿ ಗಾಡಿಯು ಮಿಸ್ತ್ರಿಯ ಅಂಗಡಿಯಲ್ಲಿ ನಾಲ್ಕು ದಿನ ಬಿದ್ದಿದ್ದರೆ ಬೆಳೆಯ ಲೆಕ್ಕದಲ್ಲಿ ಅದರ ಬೆಲೆ ತೆರಬೇಕಾಗುವುದು. ಇದರಲ್ಲಿ ವಿಷಾದದ ಸಂಗತಿ ಏನೆಂದರೆ, ಹೀಗೆ ನಿಂತ ಗಾಡಿಗಳಲ್ಲಿ ಹಲವಕ್ಕೆ ಅಂಗಡಿಯ ಅವಶ್ಯಕತೆಯೇ ಇರುವುದಿಲ್ಲ. ಕ್ರಮ ತಪ್ಪದೆ ಪರೀಕ್ಷಿಸಿದರೆ ದೋಷವು ಹೊಲದ ಬದುವಿನ ಮೇಲೆಯೇ ಸಿಕ್ಕೀತು.

ಮೊದಲು ಯಂತ್ರದ ಮರ್ಮವನ್ನು ತಿಳಿಯತಕ್ಕದ್ದು. ಪೆಟ್ರೋಲು ದ್ರವರೂಪದಲ್ಲಿ ಎಂಜಿನಿನೊಳಗೆ ಉರಿಯಲಾರದು. ಅದು ತುಂತುರಾಗಿ ಗಾಳಿಯಲ್ಲಿ ಬೆರೆಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಈ ಬೆರಕೆಯನ್ನು ಮಾಡುವುದೇ ಕಾರ್ಬ್ಯುರೇಟರಿನ ಕೆಲಸ. ಅದರ ಕೆಳಗಣ ಬಟ್ಟಲಿನಲ್ಲಿ ಪೆಟ್ರೋಲು ನಿಂತಿರುತ್ತದೆ. ಬಟ್ಟಲು ತುಂಬಿದೊಡನೆ ಅದರೊಳಗಿನ ಫ್ಲೋಟು ಮೇಲೆದ್ದು, ಒಂದು ಸೂಜಿಯಿಂದ ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಮೇಲಿನ ಕೊಳವೆಯು ನಡುವೆ ಕಿರಿದಾಗಿದ್ದು, ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುವುದರಿಂದ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಮೇಲಕ್ಕೆ ಸೆಳೆಯಲ್ಪಟ್ಟು ತುಂತುರಾಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಎಂಬವನು 1893ರಲ್ಲಿ ರೂಪಿಸಿದ ಈ ಬಗೆಯ ಉಪಾಯವೇ ಇಂದಿಗೂ ನಮ್ಮ ಹಳೆಯ ಗಾಡಿಗಳಲ್ಲಿ ನಡೆದು ಬಂದಿದೆ. ಜೆಟ್ಟಿನ ರಂಧ್ರವು ಎಷ್ಟು ಕಿರಿದೆಂದರೆ, ನಮ್ಮ ಎರೆ ಮಣ್ಣಿನ ಒಂದು ಕಣವು ಸಿಕ್ಕಿಕೊಂಡರೂ ಸಾಕು.

ಈಗ ಪರೀಕ್ಷೆಯ ಕ್ರಮ. ಗಾಡಿ ನಿಂತ ಕೂಡಲೆ ಕಾರ್ಬ್ಯುರೇಟರಿನ ತಿರುಪನ್ನು ಹಿಡಿದು ಅತ್ತಿತ್ತ ತಿರುಗಿಸುವುದು ನಮ್ಮ ಕಡೆಯ ದೊಡ್ಡ ದುರಭ್ಯಾಸ. ನೆನ್ನೆಯವರೆಗೆ ಸರಿಯಾಗಿದ್ದ ತಿರುಪು ರಾತ್ರಿ ತಾನಾಗಿ ತಿರುಗಿರಲಾರದು. ತಿರುಪನ್ನು ಕಡೆಗೆ ಬಿಡತಕ್ಕದ್ದು.

ಮೊದಲು ಟಾಕಿಯ ಮುಚ್ಚಳ ತೆಗೆದು ಪೆಟ್ರೋಲು ಇದೆಯೇ, ಕಾಕು ತೆರೆದಿದೆಯೇ ಎಂದು ನೋಡಬೇಕು. ಇದನ್ನು ಓದಿ ನಗುವವರೂ ಉಂಟು, ಆದರೂ ನೋಡಬೇಕು. ಮುಚ್ಚಳದಲ್ಲಿ ಗಾಳಿಗಾಗಿ ಒಂದು ಚಿಕ್ಕ ರಂಧ್ರವಿರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಅಥವಾ ಮುಚ್ಚಳ ಸಡಿಲವೆಂದು ಅರಿವೆ ತುರುಕಿದ್ದರೆ, ಪೆಟ್ರೋಲು ಇಳಿಯದೆ ಗಾಡಿಯು ಒಂದೆರಡು ಕಿಲೋಮೀಟರು ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಎಳೆದುಕೊಂಡು, ಅನಂತರ ಗಾಡಿ ಹೊರಟರೆ ದೋಷವು ಮುಚ್ಚಳದಲ್ಲಿದೆ.

ಬಳಿಕ ಪ್ಲಗ್ಗನ್ನು ಬಿಚ್ಚಿ ಅದರ ಮುಖವನ್ನು ನೋಡತಕ್ಕದ್ದು. ವೈದ್ಯನು ನಾಲಗೆ ನೋಡುವಂತೆ ಇದು. ಹಲವು ಸಲ ಒದ್ದ ಮೇಲೂ ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಎಂಜಿನಿಗೆ ಮುಟ್ಟುತ್ತಿಲ್ಲ. ಒದ್ದೆಯಾಗಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಮೆ: ಚೋಕು ಸಿಕ್ಕಿಕೊಂಡಿರಬಹುದು, ಗಾಳಿ ಸೋಸುವ ಫಿಲ್ಟರು ಕಟ್ಟಿರಬಹುದು, ಅಥವಾ ಫ್ಲೋಟಿನ ಸೂಜಿ ಸರಿಯಾಗಿ ಕೂಡದಿರಬಹುದು. ಓಡಿ ಬಂದ ಗಾಡಿಯ ಪ್ಲಗ್ಗು ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲು ಕಡಮೆ; ಹೀಗೆಯೇ ಭಾರ ಹೇರಿ ಓಡಿಸಿದರೆ ಎಂಜಿನು ಕಾದು ಪಿಸ್ಟನ್ನು ಹಿಡಿದುಕೊಳ್ಳುವ ಭಯವುಂಟು. ಕಿಡಿಯನ್ನು ಪರೀಕ್ಷಿಸುವಾಗ ಕಾಕನ್ನು ಮುಚ್ಚಿ, ಚೆಲ್ಲಿದ ಪೆಟ್ರೋಲನ್ನು ಒರಸಿ, ಪ್ಲಗ್ಗನ್ನು ಅದರ ತೂತಿನಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಾಗಿಸಿಡಬೇಕು. ಕಿಡಿಯಿಲ್ಲದಿದ್ದರೆ ಕಾರ್ಬ್ಯುರೇಟರನ್ನು ಮುಟ್ಟುವ ಕಾರಣವಿಲ್ಲ.

ಫಿಲ್ಟರಿನ ವಿಷಯದಲ್ಲಿ ನಮ್ಮ ಸೀಮೆಯವರು ಹೆಚ್ಚು ಎಚ್ಚರವಾಗಿರಬೇಕು. ಜೋಳ, ತೊಗರಿಗಳ ರಾಶಿಯ ಕಾಲದಲ್ಲಿ ಹೊಟ್ಟು, ಬೇಸಗೆಯಲ್ಲಿ ಎರೆ ಹೊಲದ ದಾರಿಯ ಧೂಳು, ಇವುಗಳಿಂದ ಅದು ಕಟ್ಟಿಕೊಳ್ಳುತ್ತದೆ. ಗಾಡಿಗೆ ಉಸಿರು ಸಾಲದೆಂದು ಫಿಲ್ಟರನ್ನೇ ಕಿತ್ತು ಬಿಸುಟು ಓಡಿಸುವವರಿದ್ದಾರೆ. ಆ ದಿನ ಗಾಡಿ ಚೆನ್ನಾಗಿ ಓಡುವುದು ನಿಜ. ಆದರೆ ಧೂಳು ಸಿಲಿಂಡರನ್ನು ಅರದಂತೆ ಸವೆಯಿಸಿ ಕೆಲವೇ ದಿನಗಳಲ್ಲಿ ದೊಡ್ಡ ಖರ್ಚಿಗೆ ತರುವುದು.

ಇಷ್ಟೆಲ್ಲ ಸರಿಯಿದ್ದರೆ ಆಗ ಕಾರ್ಬ್ಯುರೇಟರಿನ ಸರದಿ. ಗಾಡಿಯು ಚೋಕು ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೆ ನಿಲ್ಲುವುದಾದರೆ ಪೆಟ್ರೋಲು ಸಾಲದು ಅಥವಾ ಎಲ್ಲಿಯೋ ಗಾಳಿ ಸೋರಿ ಒಳಗೆ ಹೋಗುತ್ತಿದೆ. ಭಾರದ ಕುಲುಕಾಟದಿಂದ ಕಾರ್ಬ್ಯುರೇಟರಿನ ಬೋಲ್ಟುಗಳು ಸಡಿಲುವುದುಂಟು. ಅವನ್ನು ಬಿಗಿದು ನೋಡಬೇಕು. ನಿಂತಲ್ಲಿ ಆರಿಹೋಗುವ ಗಾಡಿಯು ಆಕ್ಸಿಲರೇಟರು ಹಿಡಿದರೆ ಓಡುವುದಾದರೆ ಪೈಲಟ್ ಜೆಟ್ ಕಟ್ಟಿದೆ. ಇದಕ್ಕೆ ವಿಪರೀತವಾಗಿ, ನಿಂತಲ್ಲಿ ಚೆನ್ನಾಗಿದ್ದು ಏರಿನಲ್ಲಿ ಭಾರ ಎಳೆಯಲಾರದೆ ಮುಗ್ಗರಿಸಿದರೆ ಮೇನ್ ಜೆಟ್ಟಿನಲ್ಲಿಯೋ ಕಾಕಿನ ಜಾಲರಿಯಲ್ಲಿಯೋ ಕಸವಿದೆ. ಹೊರಗಡೆ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಸೂಜಿಯ ಕೆಳಗೆ ಕಣ ಸಿಕ್ಕಿದೆ. ಬಟ್ಟಲನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ಎರಡು ಸಲ ತಟ್ಟಿದರೆ ಕೆಲವೊಮ್ಮೆ ಸರಿಹೋಗುವುದು.

ಬಟ್ಟಲಿನ ಪೆಟ್ರೋಲನ್ನು ಬಿಳಿಯ ಗಾಜಿನ ಸೀಸೆಯಲ್ಲಿ ಹಿಡಿದು ಕಾಲು ಗಂಟೆ ಅಲುಗಿಸದೆ ಇಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಇದಕ್ಕೆ ಈಚಿನ ಒಂದು ಕಾರಣವಿದೆ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಎಂಬ ಮದ್ಯಸಾರವನ್ನು ಬೆರೆಸಿ ಮಾರುವುದು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು, ಅನಂತರ ದೇಶದಲ್ಲೆಲ್ಲ ಹರಡಿತು. ಭೀಮಾ ತೀರದಲ್ಲಿ ಬೆಳೆಯುವ ಕಬ್ಬಿನಂಥ ಬೆಳೆಯಿಂದಲೇ ಆಗುವ ವಸ್ತುವಿದು. ನಮ್ಮವರಿಗೆ ಅದು ಪರಕೀಯವಲ್ಲ. ಆದರೆ ಮದ್ಯಸಾರಕ್ಕೆ ನೀರನ್ನು ಎಳೆದುಕೊಳ್ಳುವ ಗುಣವುಂಟು. ಸ್ವಲ್ಪ ನೀರನ್ನು ಅದು ತನ್ನಲ್ಲಿ ಅಡಗಿಸಿಕೊಳ್ಳುವುದು. ನೀರು ಮಿತಿಮೀರಿದರೆ ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುವುವು. ಕಾಕು ಪೆಟ್ರೋಲನ್ನು ಸೆಳೆಯುವುದು ಟಾಕಿಯ ತಳದಿಂದಲೇ. ಹೀಗಾದಾಗ ಬಟ್ಟಲನ್ನು ಮಾತ್ರ ಬರಿದುಮಾಡಿದರೆ ಸಾಲದು, ಟಾಕಿಯನ್ನೂ ಪೂರ್ತಿ ಬರಿದುಮಾಡತಕ್ಕದ್ದು.

ಈಗ ಯಾವ ಗಾಡಿ ಕೆಟ್ಟರೂ ತಪ್ಪೆಲ್ಲ ಮದ್ಯಸಾರದ್ದೆಂಬ ಮಾತು ಹಳ್ಳಿಗಳಲ್ಲಿ ಹುಟ್ಟಿದೆ. ಅದು ಅರ್ಧ ಸತ್ಯ. ಒಂದು ಲೀಟರು ಮದ್ಯಸಾರದಲ್ಲಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಶಕ್ತಿ ಇರುವುದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಹಳೆಯ ಗಾಡಿಯ ರಬ್ಬರು ಕೊಳವೆ, ವಾಷರುಗಳು ಉಬ್ಬಿ ಬಿರಿಯುವುದೂ, ಟಾಕಿಯಲ್ಲಿ ಅಂಟಿದ್ದ ಹಳೆಯ ಕಿಟ್ಟವು ಕಳಚಿ ಜೆಟ್ಟಿಗೆ ಬರುವುದೂ ಉಂಟು. ಆದರೆ ಕಟ್ಟಿದ ಫಿಲ್ಟರಿಗೂ ಬಿರಿದ ಪ್ಲಗ್ಗಿಗೂ ಮದ್ಯಸಾರವು ಹೊಣೆಯಲ್ಲ.

ಬಿಚ್ಚುವ ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ, ಎಂಜಿನು ತಣಿದ ಮೇಲೆ ಮಾಡಬೇಕು. ಹತ್ತಿರದಲ್ಲಿ ಬೀಡಿ, ಒಲೆ ಇರಕೂಡದು. ಟಾಕಿಯಿಂದ ಪೆಟ್ರೋಲನ್ನು ಕೊಳವೆ ಹಾಕಿ ಬಾಯಿಂದ ಎಳೆಯುವ ರೂಢಿಯನ್ನು ಗ್ರಾಮದ ಹಿರಿಯರು ಖಂಡಿತವಾಗಿ ನಿಲ್ಲಿಸತಕ್ಕದ್ದು: ಒಂದು ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯವಾಗಬಹುದು. ಬಟ್ಟಲನ್ನು ತಟ್ಟೆಯ ಮೇಲೆ ಹಿಡಿದು ಬಿಚ್ಚಿದರೆ ಸಣ್ಣ ತಿರುಪುಗಳು ಎರೆಯ ಬಿರುಕಿಗೆ ಬೀಳುವುದಿಲ್ಲ. ಜೆಟ್ಟನ್ನು ಬೆಳಕಿಗೆ ಹಿಡಿದರೆ ರಂಧ್ರವು ಗುಂಡಾಗಿ ಕಾಣಬೇಕು. ಕಟ್ಟಿದ್ದರೆ ಪಂಕ್ಚರು ಅಂಗಡಿಯ ಗಾಳಿಯಿಂದ ಊದಿಸಬೇಕು. ಹಾಗೆ ಊದುವ ಮುನ್ನ ಫ್ಲೋಟು, ಸೂಜಿಗಳನ್ನು ತೆಗೆದಿರಬೇಕು. ತಂತಿ, ಸೂಜಿ, ಪಿನ್ನುಗಳನ್ನು ಎಂದಿಗೂ ತೂರಿಸಬಾರದು. ಹಿತ್ತಾಳೆ ಮೆತ್ತಗಿನ ಲೋಹ. ರಂಧ್ರವು ಕೂದಲೆಳೆಯಷ್ಟು ಹಿಗ್ಗಿದರೂ ಆ ಗಾಡಿಯು ಮುಂದೆ ಸದಾ ಹೆಚ್ಚು ಪೆಟ್ರೋಲು ಕುಡಿಯುವುದು. ಗಾಳಿಯ ತಿರುಪನ್ನು ತೆಗೆಯಲೇಬೇಕಾದರೆ, ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಎಣಿಸಿ ಬರೆದಿಟ್ಟು, ಮರಳಿ ಕೂರಿಸುವಾಗ ಅಷ್ಟೇ ಸುತ್ತು ಹೊರಕ್ಕೆ ತರಬೇಕು.

ಪೆಟ್ರೋಲಿನಿಂದ ನಡೆಯುವ ಔಷಧದ ಪಂಪಿಗೂ ಈ ಮಾತೆಲ್ಲ ಸಲ್ಲುವುದು. ತೊಗರಿಯ ಕೊಯ್ಲು ಮುಗಿದು ಜನವರಿಯಲ್ಲಿ ಮೂಲೆಗಿಟ್ಟ ಪಂಪನ್ನು ಮತ್ತೆ ಕೇಳುವುದು ಅಕ್ಟೋಬರಿನಲ್ಲಿ. ಒಳಗೆ ಉಳಿದ ಪೆಟ್ರೋಲಿನ ಹಗುರ ಅಂಶವೆಲ್ಲ ಅಷ್ಟರಲ್ಲಿ ಆರಿ, ಮಿಕ್ಕದ್ದು ಅಂಟಾಗಿ ಜೆಟ್ಟನ್ನು ಮುಚ್ಚಿರುತ್ತದೆ. ಆದಕಾರಣ ಕೊಯ್ಲು ಮುಗಿದ ವಾರವೇ ಟಾಕಿಯನ್ನು ಬರಿದುಮಾಡಿ, ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಎಂಜಿನನ್ನು ಓಡಿಸಿ, ಬಟ್ಟಲಿನ ತಳದ ತಿರುಪಿನಿಂದ ಕಡೆಯ ಹನಿಯನ್ನೂ ಇಳಿಸಿ ಇಡತಕ್ಕದ್ದು. ಸೆಪ್ಟೆಂಬರ್ ತಿಂಗಳಲ್ಲಿ, ಹುಳು ಕಾಣುವ ಮೊದಲೇ, ಹೊಸ ಪೆಟ್ರೋಲು ಹಾಕಿ ಒಮ್ಮೆ ಓಡಿಸಿ ನೋಡಬೇಕು; ಎರಡು ಹೊಡೆತದ ಎಂಜಿನಾದರೆ ಅದರಲ್ಲಿ ಬೆರೆಸುವ ಎಣ್ಣೆಯ ಪ್ರಮಾಣವು ತಯಾರಕರ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ.