ಶಸ್ತ್ರಕ್ರಿಯೆಯಲ್ಲಿ ಶಬ್ದವೂ ವಿದ್ಯುತ್ತೂ

ಹಡಪಸರದ ಹೆಸರನ್ನು ದೂರದೂರದ ನಾಡುಗಳಿಗೆ ಕೊಂಡೊಯ್ದಿರುವುದು ಲಸಿಕೆ. ೧೯೬೬ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಸೀರಂ ಸಂಸ್ಥೆಯು ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯೊಂದನ್ನು ೨೦೨೩ರಲ್ಲಿ ಬಳಕೆಗೆ ತಂದಿತು. ಆದರೆ ಲಸಿಕೆಯು ರೋಗ ಬಾರದ ಮುನ್ನ ಕಾಯತಕ್ಕದ್ದು. ರೋಗವು ಬೇರೂರಿದ ಮೇಲೆ ಹಲವು ವೇಳೆ ಶಸ್ತ್ರವೈದ್ಯನ ಕೈಯೇ ಗತಿ. ಅದೇ ಕ್ಯಾನ್ಸರಿಗೆ ತುತ್ತಾದವರ ಗರ್ಭಕೋಶವನ್ನು, ಹೊಟ್ಟೆಯನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳ ಮೂಲಕವೇ ತೆಗೆಯುವ ವಿಧಾನವೊಂದನ್ನು ಪುಣೆಯ ಡಾ. ಶೈಲೇಶ ಪುಣತಾಂಬೇಕರ ಹಾಗೂ ಅವರ ಸಹೋದ್ಯೋಗಿಗಳು ರೂಪಿಸಿ, ೨೪೮ ರೋಗಿಗಳಲ್ಲಿ ದೊರೆತ ಅನುಭವವನ್ನು ೨೦೦೭ರಲ್ಲಿ ಪ್ರಕಟಿಸಿದರು. ಅದಕ್ಕೆ ‘ಪುಣೆ ತಂತ್ರ’ವೆಂದೇ ಹೆಸರಾಯಿತು.

ಇಂತಹ ಶಸ್ತ್ರಕ್ರಿಯೆಯಲ್ಲಿ ಮೊದಲ ಶತ್ರು ರಕ್ತಸ್ರಾವ. ಹೊಟ್ಟೆಯನ್ನು ತೆರೆದಿದ್ದರೆ ಒಸರುವ ನಾಳವನ್ನು ಬೆರಳಿನಿಂದ ಒತ್ತಿ ಹಿಡಿದು ದಾರದಿಂದ ಕಟ್ಟಬಹುದು. ಸಣ್ಣ ರಂಧ್ರದಲ್ಲಿ ಬೆರಳು ತೂರಲಾರದು. ಮೇಲಾಗಿ, ಚಿಮ್ಮಿದ ರಕ್ತವು ಒಳಗಿಳಿಸಿದ ಕ್ಯಾಮರಾದ ಕಣ್ಣನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ರಕ್ತನಾಳವನ್ನು ಮೊದಲು ಮುಚ್ಚಿ, ಬಳಿಕ ಕತ್ತರಿಸುವ ಉಪಕರಣ ಬೇಕು. ಅಂತಹುದು ಹೇಗೆ ದೊರೆಯಿತೆಂಬುದನ್ನು ನಾವೀಗ ನೋಡೋಣ.

ಬೆಂಕಿಯಿಂದ ವಿದ್ಯುತ್ತಿಗೆ

ಕಾವಿನಿಂದ ರಕ್ತವನ್ನು ನಿಲ್ಲಿಸಬಹುದೆಂಬ ಅರಿವು ಬಹಳ ಹಳೆಯದು. ಸುಶ್ರುತಸಂಹಿತೆಯು ರಕ್ತವನ್ನು ತಡೆಯುವ ಉಪಾಯಗಳಲ್ಲಿ ದಹನವನ್ನೂ ಎಣಿಸಿದೆ. ಇದರ ಮರ್ಮವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಮೊಟ್ಟೆಯ ಬಿಳಿಭಾಗವು ಕಾದ ಬಾಣಲೆಯಲ್ಲಿ ನೀರಿನಂತಿದ್ದುದು ಗಟ್ಟಿಯಾಗುತ್ತದೆ; ಕಾವಿಗೆ ಅದರ ಪ್ರೋಟೀನುಗಳು ರೂಪಗೆಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಮ್ಮ ದೇಹದ ಸಹಜ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಅದು ೬೦ ಡಿಗ್ರಿ ಮೀರಿದರೆ ಅಂಗಾಂಶದ ಪ್ರೋಟೀನುಗಳಿಗೂ ಇದೇ ಗತಿ. ನೂರು ಡಿಗ್ರಿಯಲ್ಲಿ ಜೀವಕೋಶದ ನೀರು ಕುದಿದು ಆವಿಯಾಗುತ್ತದೆ. ಅದರಾಚೆಗೆ ಅಂಗಾಂಶ ಕರಿಕಾಗುತ್ತದೆ.

ಈ ಕಾವನ್ನು ವಿದ್ಯುತ್ತಿನಿಂದ ಪಡೆಯುವುದಾದರೆ, ರೋಗಿಗೆ ಆಘಾತ ತಗಲದೆ? ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಗಳುಳ್ಳದ್ದು. ನರ, ಸ್ನಾಯುಗಳು ಅದಕ್ಕೆ ಬೆಚ್ಚಿ ಸೆಟೆಯುತ್ತವೆ. ಆದರೆ ಆವರ್ತನೆಯು ಲಕ್ಷಗಳಿಗೇರಿದರೆ, ಅಷ್ಟು ಶೀಘ್ರವಾದ ಬದಲಾವಣೆಗೆ ಅವು ಓಗೊಡಲಾರವು; ಕಾವು ಮಾತ್ರ ಹುಟ್ಟುತ್ತದೆ. ಫ್ರಾನ್ಸಿನ ದಾರ್ಸೋನ್ವಾಲ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಧಿಕ ಆವರ್ತನೆಯ ಈ ಗುಣವನ್ನು ತೋರಿಸಿದನು. ರೇಡಿಯೋ ಅಲೆಗಳ ಆವರ್ತನೆಯೂ ಇದೇ ಪ್ರಮಾಣದ್ದಾದುದರಿಂದ ಇದಕ್ಕೆ ‘ರೇಡಿಯೋ ಆವರ್ತನೆಯ ವಿದ್ಯುತ್ತು’ ಎನ್ನುತ್ತಾರೆ.

ಅಮೆರಿಕದ ಬಾಸ್ಟನ್ ನಗರದಲ್ಲಿ ಹಾರ್ವಿ ಕುಶಿಂಗ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನಿದ್ದನು. ಒಬ್ಬ ರೋಗಿಯ ತಲೆಯ ಗೆಡ್ಡೆಯನ್ನು ತೆಗೆಯಹೊರಟು, ರಕ್ತ ನಿಲ್ಲದ ಕಾರಣ ಆತನು ಕೆಲಸವನ್ನು ಅರ್ಧಕ್ಕೇ ಬಿಡಬೇಕಾಯಿತು. ಕೆಲವೇ ದಿನಗಳ ಬಳಿಕ, ೧೯೨೬ರ ಅಕ್ಟೋಬರ್ ೧ರಂದು, ವಿಲಿಯಂ ಬೋವಿ ನಿರ್ಮಿಸಿದ ವಿದ್ಯುತ್ ಯಂತ್ರದ ನೆರವಿನಿಂದ ಅದೇ ಗೆಡ್ಡೆಯನ್ನು ತೆಗೆದನು. ಶಸ್ತ್ರಾಗಾರಗಳಲ್ಲಿ ವಿದ್ಯುತ್ತಿಗೆ ಸ್ಥಾನ ದೊರೆತುದು ಅಲ್ಲಿಂದೀಚೆಗೆ.

ಮುಂದೆ ಇಕ್ಕಳದ ಆಕಾರದ ಉಪಕರಣಗಳು ಬಂದವು. ಇವುಗಳಲ್ಲಿ ವಿದ್ಯುತ್ತು ಇಕ್ಕಳದ ಒಂದು ದವಡೆಯಿಂದ ಇನ್ನೊಂದಕ್ಕೆ ಮಾತ್ರ ಹರಿಯುತ್ತದೆ. ದೇಹದ ಬೇರೆ ಭಾಗಗಳಲ್ಲಿ ಸಂಚರಿಸುವುದಿಲ್ಲ. ನಡುವೆ ಸಿಕ್ಕ ರಕ್ತನಾಳದ ಎರಡು ಗೋಡೆಗಳು ಒತ್ತಡಕ್ಕೂ ಕಾವಿಗೂ ಸಿಲುಕಿ ಬೆಸೆದುಕೊಳ್ಳುತ್ತವೆ. ಏಳು ಮಿಲಿಮೀಟರ್ ಅಗಲದ ನಾಳವನ್ನೂ ಹೀಗೆ ಮುಚ್ಚಬಹುದು. ಆದರೆ ಬೆಸೆದುದನ್ನು ಕತ್ತರಿಸಲು ಬೇರೊಂದು ಅಲಗು ಬೇಕಾಗುತ್ತದೆ.

ಕೇಳಿಸದ ಶಬ್ದದ ಕೆಲಸ

ಶಬ್ದವೆಂದರೆ ಕಂಪನ. ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳನ್ನು ಮೀರಿದುದು ನಮ್ಮ ಕಿವಿಗೆ ಕೇಳಿಸದು. ಅದು ಶ್ರವಣಾತೀತ ಶಬ್ದ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಊಡಿದರೆ ಅಂತಹ ಹರಳು ಹಿಗ್ಗಿ ಕುಗ್ಗುವುದೆಂಬುದು ಮರುವರ್ಷ ಸಿದ್ಧವಾಯಿತು. ಇದೇ ಗುಣವುಳ್ಳ ಪಿಂಗಾಣಿಯಂತಹ ಬಿಲ್ಲೆಗಳನ್ನು ಉಪಕರಣದ ಹಿಡಿಯೊಳಗೆ ಜೋಡಿಸಿರುತ್ತಾರೆ. ಅವುಗಳ ಕಂಪನವು ಲೋಹದ ಸರಳಿನ ಮೂಲಕ ಅಲಗಿನ ತುದಿಗೆ ಮುಟ್ಟುತ್ತದೆ. ತುದಿಯು ಸೆಕೆಂಡಿಗೆ ಸುಮಾರು ಐವತ್ತು ಸಾವಿರ ಸಲ ಹಿಂದುಮುಂದಾಗಿ ಚಲಿಸುತ್ತದೆ. ಆ ಚಲನೆಯ ದೂರವಾದರೋ ಒಂದು ಕೂದಲೆಳೆಯ ದಪ್ಪದಷ್ಟು ಮಾತ್ರ. ಚಳಿಯಲ್ಲಿ ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುವಂತೆ, ಈ ಉಜ್ಜುವಿಕೆಯಿಂದ ಅಂಗಾಂಶವು ಕಾದು ಹೆಪ್ಪುಗಟ್ಟಿ, ಬೇಗನೆ ತುಂಡಾಗುತ್ತದೆ. ಕತ್ತರಿಸುವುದರಲ್ಲಿ ಇದು ಚುರುಕು, ಹೊಗೆಯೂ ಕಡಿಮೆ. ಆದರೆ ದಪ್ಪ ನಾಳವನ್ನು ಭದ್ರವಾಗಿ ಮುಚ್ಚುವುದರಲ್ಲಿ ವಿದ್ಯುತ್ತಿನ ಇಕ್ಕಳವೇ ಮೇಲು.

ಎರಡರ ಕೂಟ

ಒಂದು ಬೆಸೆಯಬಲ್ಲದು, ಕೊಯ್ಯಲಾರದು. ಇನ್ನೊಂದು ಚುರುಕಾಗಿ ಕೊಯ್ಯಬಲ್ಲದು, ದಪ್ಪ ನಾಳದ ಮುಂದೆ ಅಳುಕುತ್ತದೆ. ಎರಡನ್ನೂ ಒಂದೇ ಇಕ್ಕಳದಲ್ಲಿ ಕೂಡಿಸಿದರೆ? ಜಪಾನಿನ ಒಲಿಂಪಸ್ ಸಂಸ್ಥೆ ‘ಥಂಡರ್‌ಬೀಟ್’ ಎಂಬ ಅಂತಹ ಉಪಕರಣವನ್ನು ೨೦೧೨ರಲ್ಲಿ ಬಳಕೆಗೆ ತಂದಿತು. ಇದರಲ್ಲಿ ವೈದ್ಯನು ಒಂದು ಗುಂಡಿಯನ್ನೊತ್ತಿದರೆ ವಿದ್ಯುತ್ತು ಮಾತ್ರ ಹರಿದು ನಾಳ ಮುಚ್ಚುತ್ತದೆ. ಇನ್ನೊಂದನ್ನೊತ್ತಿದರೆ ವಿದ್ಯುತ್ತು ಬೆಸೆಯುತ್ತಿರುವಂತೆಯೇ ಕಂಪನವು ಕೊಯ್ಯುತ್ತದೆ. ಉಪಕರಣವನ್ನು ಮತ್ತೆ ಮತ್ತೆ ಹೊರತೆಗೆದು ಬದಲಿಸುವ ತೊಂದರೆ ಇದರಿಂದ ಕಡಿಮೆಯಾಗುತ್ತದೆ.

ಹಾಗೆಂದು ಇದು ನಿರಪಾಯಕಾರಿಯಲ್ಲ. ಗುಂಡಿಯನ್ನು ಬಿಟ್ಟ ಮೇಲೂ ಕಂಪಿಸಿದ ಅಲಗು ಕೆಲವು ಕ್ಷಣ ಕುದಿಯುವ ನೀರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಆಗ ಅದು ಕರುಳನ್ನೋ ಮೂತ್ರನಾಳವನ್ನೋ ಸೋಕಿದರೆ ಅಲ್ಲಿ ಸುಟ್ಟಗಾಯವಾಗುತ್ತದೆ. ಅಂತಹ ಗಾಯವು ಆ ಹೊತ್ತಿಗೆ ಕಣ್ಣಿಗೆ ಬೀಳದೆ, ಕೆಲವು ದಿನಗಳ ನಂತರ ತೂತಾಗಿ, ರೋಗಿಯ ಪ್ರಾಣಕ್ಕೇ ಸಂಚಕಾರ ತರಬಹುದು. ಆದುದರಿಂದ ನುರಿತ ವೈದ್ಯನು ಅಲಗು ತಣಿಯುವವರೆಗೆ ಅದನ್ನು ಬೇರೆಲ್ಲಿಯೂ ತಾಗಿಸುವುದಿಲ್ಲ. ಅದರ ತುದಿಯನ್ನು ಸದಾ ತನ್ನ ಕಣ್ಣೆದುರಿಗೇ ಇಟ್ಟುಕೊಳ್ಳುತ್ತಾನೆ. ಸೂಜಿದಾರದಿಂದ ಗಂಟು ಹಾಕುವ ಹಳೆಯ ವಿದ್ಯೆಯನ್ನೂ ಆತನು ಮರೆಯುವಂತಿಲ್ಲ. ಯಂತ್ರ ಕೈಕೊಟ್ಟಾಗ ರಕ್ತವನ್ನು ನಿಲ್ಲಿಸುವುದು ಆ ಗಂಟೇ.

ಹರಳು, ಕಂಪನ, ಆವರ್ತನೆ, ಉಷ್ಣ: ಇವೆಲ್ಲವೂ ನಮ್ಮ ಭೌತವಿಜ್ಞಾನದ ಪುಸ್ತಕದಲ್ಲಿ ಬೇರೆಬೇರೆ ಪಾಠಗಳಲ್ಲಿ ಚದರಿಕೊಂಡಿವೆ. ಪರೀಕ್ಷೆಗಾಗಿ ನಾವು ಅವನ್ನು ಒಂದೊಂದಾಗಿ ಓದುತ್ತೇವೆ. ಶಸ್ತ್ರಾಗಾರದ ದೀಪದ ಕೆಳಗೆ, ಒಬ್ಬ ರೋಗಿಯ ರಕ್ತ ಸೋರದಂತೆ ಕಾಯುವಾಗ, ಆ ಪಾಠಗಳು ಒಂದೇ ಇಕ್ಕಳದ ಎರಡು ದವಡೆಗಳ ನಡುವೆ ಕೂಡಿಬರುತ್ತವೆ.