ಮಕ್ಕಳ ಮನಸ್ಸು, ಮನೆಯ ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಿರಿಯರ ಗಾದೆ. ಜ್ವರ ಬಂದೊಡನೆ ವೈದ್ಯರಲ್ಲಿಗೆ ಧಾವಿಸುವ ಕುಟುಂಬಗಳು, ಮಕ್ಕಳ ಮನಸ್ಸು ಕುಸಿದಾಗ ಮಾತ್ರ ‘ನಾಲ್ಕು ಜನ ಏನೆಂದಾರು’ ಎಂದು ಸುಮ್ಮನಾಗುವುದುಂಟು.

2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಪ್ರಕಟವಾಯಿತು. ಅನುತ್ತೀರ್ಣರಾದವರು ಮೂರು ಲಕ್ಷಕ್ಕೂ ಅಧಿಕ. ಮುಂದಿನ ದಿನಗಳಲ್ಲಿ ಇಪ್ಪತ್ತರಷ್ಟು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ವರದಿಯಾಯಿತು. ಫಲಿತಾಂಶದಲ್ಲಿಯೇ ದೋಷಗಳಿದ್ದುದು ಬೆಳಕಿಗೆ ಬಂದು, ಅನುತ್ತೀರ್ಣರ ಉತ್ತರಪತ್ರಿಕೆಗಳನ್ನು ಶುಲ್ಕವಿಲ್ಲದೆ ಮರುಪರಿಶೀಲಿಸಲು ಸರ್ಕಾರ ಆದೇಶಿಸಿತು. ಅಂಕದ ತಪ್ಪನ್ನು ತಿದ್ದಬಹುದು. ಹೋದ ಜೀವವನ್ನು ತರಲಾಗದು. ಇಂತಹ ದುರಂತಕ್ಕೆ ಪರೀಕ್ಷೆಯೊಂದೇ ಕಾರಣವಾಗಿರುವುದಿಲ್ಲ. ಒಳಗೊಳಗೇ ಬೆಳೆದ ಭಯ, ಅವಮಾನ, ಒಂಟಿತನಗಳೂ ಸೇರಿರುತ್ತವೆ.

ಊರು ಬಿಟ್ಟು ಬಂದ ಕುಟುಂಬಗಳಲ್ಲಿ ಅಜ್ಜಿಯ ಮಡಿಲೂ ಸೋದರಮಾವನ ಸಮಾಧಾನವೂ ದೂರ. ತಂದೆತಾಯಿಗಳ ನುಡಿ ಕನ್ನಡ. ಮಗುವಿನ ಶಾಲೆಯ ನುಡಿ ತೆಲುಗು ಅಥವಾ ಇಂಗ್ಲಿಷ್. ಸಂಕಟವನ್ನು ಹೇಳಿಕೊಳ್ಳುವ ಬಾಗಿಲುಗಳೇ ಕಡಿಮೆಯಾಗುತ್ತವೆ. ಆ ಬಾಗಿಲನ್ನು ತೆರೆಯುವುದೇ ಆಪ್ತ ಸಲಹೆಯ ಕಾರ್ಯ.

ಆಪ್ತ ಸಲಹೆಯೆಂದರೆ ಉಪದೇಶವಲ್ಲ. ಸಲಹೆಗಾರರು ಸಾಮಾನ್ಯವಾಗಿ ಮೊದಲು ಮಗುವಿನ ಮಾತನ್ನು, ಬಳಿಕ ಹೆತ್ತವರ ಮಾತನ್ನು ಪ್ರತ್ಯೇಕವಾಗಿ ಆಲಿಸಿ, ಅನಂತರ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ಜೀವಕ್ಕೆ ಅಪಾಯವಿದ್ದ ಹೊರತು ಗುಟ್ಟನ್ನು ಕಾಪಾಡುತ್ತಾರೆ. ದೊಡ್ಡ ಸಮಸ್ಯೆಯನ್ನು ಈ ವಾರ ಮಾಡಬಹುದಾದ ಸಣ್ಣ ಕೆಲಸಗಳಾಗಿ ವಿಂಗಡಿಸುತ್ತಾರೆ. ಅನುತ್ತೀರ್ಣನಾದವನಿಗೆ ಅದೇ ವರ್ಷ ಪೂರಕ ಪರೀಕ್ಷೆಯುಂಟೆಂಬ ಸರಳ ಸಂಗತಿಯೂ ಕತ್ತಲಲ್ಲಿ ಹಣತೆಯಾಗಬಲ್ಲದು.

ಕುಟುಂಬವನ್ನೇ ಚಿಕಿತ್ಸೆಯ ಸಹಭಾಗಿಯಾಗಿಸುವ ಕ್ರಮ ಭಾರತಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿಯೇ ಉಳಿಸಿಕೊಂಡು ಆರೈಕೆಯಲ್ಲಿ ತೊಡಗಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕುಟುಂಬ ಚಿಕಿತ್ಸೆಯನ್ನು ಬೆಳೆಸಿತು.

ಮನೆಯವರು ಗಮನಿಸಬೇಕಾದ ಲಕ್ಷಣಗಳಿವೆ: ಎರಡು ವಾರ ಮೀರಿದ ಬೇಸರ, ನಿದ್ರಾಹೀನತೆ, ಊಟದಲ್ಲಿ ಅನಾಸಕ್ತಿ, ಗೆಳೆಯರಿಂದ ದೂರವಾಗುವುದು. ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಕಾಯದೆ ನೆರವು ಪಡೆಯತಕ್ಕದ್ದು. ಅಂತಹ ವೇಳೆ ಮಗುವನ್ನು ಒಂಟಿಯಾಗಿ ಬಿಡಬಾರದು. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಎದೆಯ ಭಾರ ಇಳಿಯುತ್ತದೆ. ನೆರೆಮನೆಯ ಮಗುವಿನ ಅಂಕದೊಡನೆ ಹೋಲಿಸುವುದನ್ನು ಮಾತ್ರ ಬಿಡಬೇಕು.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಹೈದರಾಬಾದಿನ ಎರ್ರಗಡ್ಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ.

ಸಾಲವನ್ನು ಮರೆಮಾಚಿದಷ್ಟೂ ಬಡ್ಡಿ ಬೆಳೆಯುವಂತೆ, ಮುಚ್ಚಿಟ್ಟ ದುಃಖವೂ ಬೆಳೆಯುತ್ತದೆ. ಸಂಜೆಯ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಅಂಕಗಳ ಮಾತೆತ್ತದೆ, ‘ಇಂದು ಹೇಗಿದ್ದೀಯಪ್ಪಾ?’ ಎಂದು ಕೇಳಿ ಉತ್ತರಕ್ಕೆ ಕಾಯುವುದು ಯಾವ ಕುಟುಂಬಕ್ಕೂ ಅಸಾಧ್ಯವಲ್ಲ. ಆಪ್ತ ಸಲಹೆಯ ಮೊದಲ ಪಾಠವೂ ಅದೇ.